ಚಂದ್ರನಿಗೊಂದು ಬೇರೆ ಹೆಸರು

ನಾನು ಒಂದು ಕಾರ್ಡು. ರೇಷನ್ ಕಾರ್ಡಲ್ಲ, ಬ್ಯಾಂಕಿನ ಕಾರ್ಡೂ ಅಲ್ಲ. ಅವುಗಳಿಗಾದರೆ ಜನ ಪಾಳಿ ಹಚ್ಚುತ್ತಾರೆ, ಕಳೆದರೆ ಪೊಲೀಸ್ ಸ್ಟೇಷನ್ನಿಗೆ ಓಡುತ್ತಾರೆ. ನಾನು ಪದಕಾರ್ಡು, ಅಂಗೈಯಗಲದ ರಟ್ಟು. ಒಂದು ಜನದ ಒಂದೇ ಒಂದು ಪದವನ್ನು ಎದೆಯ ಮೇಲೆ ಬರೆಸಿಕೊಂಡು, ಮರದ ಖಾನೆಯೊಳಗೆ ನನ್ನಂಥವರ ನಡುವೆ ಒತ್ತಾಗಿ ನಿಂತಿರುವುದು ನನ್ನ ಉದ್ಯೋಗ. ವಿದ್ವಾಂಸರು ನಮ್ಮನ್ನು ‘ಆಕರ’ ಎನ್ನುತ್ತಾರೆ. ಆಕರದ ಮೇಲೆ ಅವರಿಗೆ ಎಷ್ಟು ಗೌರವವೆಂದರೆ, ಅದನ್ನು ಮುಟ್ಟುವುದೇ ಇಲ್ಲ.

ನನ್ನ ಹುಟ್ಟೇ ಒಂದು ತಪ್ಪಿನಿಂದಾಯಿತು. ಧಾರವಾಡದ ಪ್ರೊಫೆಸರ್ ಗುರುನಾಥರಾವ್ ಉಮರ್ಜಿಯವರ ಮಗಳ ಮದುವೆಗೆ ಆಮಂತ್ರಣ ಪತ್ರಿಕೆ ಅಚ್ಚಾದವು. ಮುದ್ರಣಾಲಯದವನು ಮುಹೂರ್ತ ‘ಬೆಳಿಗ್ಗೆ ಹತ್ತು’ ಎನ್ನುವಲ್ಲಿ ‘ಬೆಳಿಗ್ಗೆ ಹತ್ತಿ’ ಎಂದು ಜೋಡಿಸಿದ್ದ. ಎಲ್ಲವನ್ನೂ ಹೊಸದಾಗಿ ಹಾಕಿಸಬೇಕಾಯಿತು. ಹತ್ತಿಯ ಕಟ್ಟು ಉಳಿಯಿತು. ರಟ್ಟು ಒಳ್ಳೆಯದಿತ್ತು, ಹಿಂಬದಿ ಖಾಲಿಯಿತ್ತು, ಪ್ರೊಫೆಸರು ಮಿತವ್ಯಯಿಗಳು. ಒಂದೊಂದು ಪತ್ರಿಕೆಯನ್ನು ನಾಲ್ಕು ತುಂಡು ಮಾಡಿಸಿ ತಮ್ಮ ಸಂಸ್ಥೆಗೆ ತಂದರು. ನನ್ನ ಬೆನ್ನ ಮೇಲೆ ಈಗಲೂ ಕೆಂಪು ಅಕ್ಷರದಲ್ಲಿ ‘ಬಂಧುಮಿತ್ರರೊಡನೆ ಸಕುಟುಂಬ ಸಪರಿವಾ’ ಎಂದಿದೆ. ‘ರ’ ಪಕ್ಕದ ತುಂಡಿನ ಪಾಲಾಯಿತು. ಅದೆಲ್ಲಿದೆಯೋ, ಹೇಗಿದೆಯೋ.

ಖಾಲಿಯಿದ್ದ ಬದಿಗೆ ರಬ್ಬರ್ ಮೊಹರು ಹೊಡೆದರು. ಐದು ಸಾಲು: ಪದ, ಅರ್ಥ, ಹೇಳಿದವರ ಸಂಖ್ಯೆ, ಮೂಲ, ಕೊನೆಗೆ ಕ್ಷೇತ್ರಕ್ಕೆ ಹೋದವರ ಸಹಿ. ಹೇಳಿದವರಿಗೆ ಸಂಖ್ಯೆ ಮಾತ್ರ, ಹೆಸರಿಲ್ಲ. ಸಹಿಯ ಬಗ್ಗೆ ಪ್ರೊಫೆಸರು ತಾವೇ ಒಂದು ಕಟ್ಟಳೆ ಮಾಡಿದ್ದರು. ಊರಿಗೆ ಹೋಗಿ ಕಿವಿಯಾರೆ ಕೇಳಿದವರು ಸಹಿ ಹಾಕದ ಹೊರತು ಯಾವ ಪದವೂ ಪುಸ್ತಕಕ್ಕೆ ಹೋಗಕೂಡದು. ಒಳ್ಳೆಯ ಕಟ್ಟಳೆ. ತಮಗೇ ಮುಳ್ಳಾದೀತೆಂದು ಮಾಡುವಾಗ ಅವರಿಗೆ ಹೊಳೆದಿರಲಾರದು.

ಸಂಸ್ಥೆಯ ಹೆಸರು ‘ಏಷ್ಯಾ–ಆಫ್ರಿಕಾ ಭಾಷಾ ಸಂಸ್ಕೃತಿ ಸಂಶೋಧನ ಮಂದಿರ’. ಒಂದೇ ಉಸಿರಿಗೆ ಹೇಳಲಾಗದೆ ಎಲ್ಲರೂ ಬರೇ ‘ಮಂದಿರ’ ಎನ್ನುತ್ತಿದ್ದರು. ಹೊರಗಿನಿಂದ ಬಂದ ವಿದ್ವಾಂಸರು ಸ್ಟೇಷನ್ನಿನಲ್ಲಿ ‘ಮಂದಿರಕ್ಕೆ ನಡೀರಿ’ ಎಂದರೆ ಆಟೋದವನು ‘ಯಾವ ದೇವರದ್ರೀ?’ ಎಂದು ಕೇಳುತ್ತಿದ್ದ. ಇಬ್ಬರು ಇತಿಹಾಸಕಾರರು ಉಳವಿ ಬಸವಣ್ಣನ ಗುಡಿಯ ದರ್ಶನ ಮಾಡಿಕೊಂಡೇ ಬಂದರು.

ಮಂದಿರದ ಆಗಿನ ಕೆಲಸ ಸಿದ್ದಿ ಜನರ ಪದಕೋಶ. ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಇವರು ತಲೆತಲಾಂತರದಿಂದ ಇದ್ದಾರೆ. ಇವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರು. ಆ ಹಿರಿಯರ ಭಾಷೆ ಇವರ ಬಾಯಲ್ಲಿ ಎಲ್ಲೋ ಒಂದು ಚೂರು ಉಳಿದಿರಲೇಬೇಕು ಎಂಬುದು ಉಮರ್ಜಿಯವರ ನಂಬಿಕೆ. ಕೋಣೆಯ ಗೋಡೆಗೆ ಆಫ್ರಿಕಾದ ದೊಡ್ಡ ನಕಾಶೆ ಹಾಕಿದ್ದರು. ಮೇಜಿನ ಮೇಲೆ ಸ್ವಾಹಿಲಿ ನಿಘಂಟು. ಹಳಿಯಾಳ ಮೂವತ್ತು ಚಿಲ್ಲರೆ ಕಿಲೋಮೀಟರು ಅಷ್ಟೆ. ಆದರೆ ಬಸ್ಸು ಹತ್ತಿದರೆ ಅವರಿಗೆ ಪಿತ್ತ ಕೆರಳುತ್ತಿತ್ತು. ಹೀಗಾಗಿ ಅವರಿಗೆ ಸಿದ್ದಿ ವಾಡೆಗಳಿಗಿಂತ ಜಾಂಜಿಬಾರೇ ಹತ್ತಿರವಾಗಿತ್ತು.

ಬಸ್ಸು ಹತ್ತುವವರು ನೀಲಾಂಬಿಕಾ ತಡಕೋಡ. ಮೂವತ್ತೆರಡರ ವಯಸ್ಸು, ಸಂಶೋಧನ ಸಹಾಯಕಿ, ಆರು ವರ್ಷದಿಂದ ಹಂಗಾಮಿ. ಗಂಡ ಕೃಷಿ ಇಲಾಖೆಯಲ್ಲಿ. ಹೆಗಲಿಗೊಂದು ಚೀಲ, ಚೀಲದಲ್ಲಿ ನಾವು, ನಮ್ಮ ಮೇಲೆ ಬುತ್ತಿಯ ಡಬ್ಬಿ. ಅವರ ಕೈಬರಹ ದುಂಡಗೆ, ಕಿವಿ ಚುರುಕು. ಆಗಲೇ ಎಂಟುನೂರಾ ಹನ್ನೊಂದು ಕಾರ್ಡು ತುಂಬಿದ್ದರು. ಎಲ್ಲವೂ ಕೊಂಕಣಿ, ಇಲ್ಲ ಮರಾಠಿ, ಇಲ್ಲ ಕನ್ನಡ. ಪಾಪ, ಸಿದ್ದಿಗಳು ನೆರೆಹೊರೆಯವರ ಮಾತನ್ನೇ ತಮ್ಮದನ್ನಾಗಿ ಮಾಡಿಕೊಂಡಿದ್ದರು. ಉಮರ್ಜಿಯವರಿಗೆ ಇದು ಅವರು ಮಾಡಿದ ದ್ರೋಹದಂತೆ ಕಾಣುತ್ತಿತ್ತು.

“ಎಂಟನೂರಾ ಹನ್ನೊಂದು,” ಎಂದು ಅವರು ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಕುಟ್ಟುತ್ತಿದ್ದರು. “ಒಂದರೆ, ಒಂದರೆ ಆಫ್ರಿಕಾ ಸಿಗವಲ್ದಲ್ಲ ನೀಲಾಂಬಿಕಾ! ನೀವು ಸರಿಯಾಗಿ ಕೇಳ್ಲಿಕ್ಕತ್ತೀರೋ ಇಲ್ಲೋ?”

“ಕೇಳಾಕತ್ತೀನ್ರಿ ಸರ್. ಅವ್ರು ಹೇಳೂದು ಹಂಗ ಐತ್ರಿ.”

ನಾನು ಎಂಟುನೂರಾ ಹನ್ನೆರಡನೆಯವನು.

ನನ್ನ ಮೇಲೆ ಪದ ಬಿದ್ದದ್ದು ಕೆಸರವಾಡಾ ಎಂಬ ಇಪ್ಪತ್ತು ಮನೆಗಳ ವಾಡೆಯಲ್ಲಿ, ಪುತಳಿ ಸಿದ್ದಿ ಎಂಬಾಕೆಯ ಅಂಗಳದಲ್ಲಿ. ನಲವತ್ತೈದರ ಗಟ್ಟಿ ಹೆಂಗಸು. ಹಲಸಿನ ಬೀಜ ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ನೆರೆಮನೆಯಾಕೆ. ಮೊದಲು ನೀಲಾಂಬಿಕಾ ಬೇರೊಂದು ಕಾರ್ಡು ತೆಗೆದರು. ಅದು ಹಳದಿ, ಹೇಳುವವರ ವಿವರದ್ದು. ಅದರ ಮೇಲೆ ಹದಿನಾಲ್ಕು ಎಂದು ಸಂಖ್ಯೆ ಹಾಕಿ ಹೆಸರು, ವಯಸ್ಸು ಬರೆದುಕೊಂಡು, “ಯಜಮಾನ್ರ ಹೆಸರು?” ಎಂದರು.

ಪುತಳಿ ನೆರೆಮನೆಯಾಕೆಯ ಮೊಣಕೈಗೆ ತಿವಿದಳು. “ನೀ ಹೇಳಬೇ.”

ನೆರೆಯಾಕೆ ಹೇಳಿದಳು. ನೀಲಾಂಬಿಕಾ ಬರೆದುಕೊಂಡರು. ಇದರಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ. ತಮ್ಮನ್ನು ಯಾರಾದರೂ ಕೇಳಿದ್ದರೆ ಅವರೂ ಹಾಗೆಯೇ ಪಕ್ಕದವರ ಮೊಣಕೈಗೆ ತಿವಿಯುತ್ತಿದ್ದರು. ಕಣ್ಣಿಗೆ ಊರೆಲ್ಲ ಕಾಣುತ್ತದೆ, ರೆಪ್ಪೆ ಕಾಣುವುದಿಲ್ಲ.

ಆಮೇಲೆ ಪದಗಳು ಶುರುವಾದವು. ಮೇಲೆ ಹಗಲುಚಂದ್ರ ತಿಳಿಯಾಗಿ ತೇಲುತ್ತಿದ್ದ, ಮಜ್ಜಿಗೆಯಲ್ಲಿ ಅದ್ದಿ ತೆಗೆದ ಹಪ್ಪಳದಂತೆ. ನೀಲಾಂಬಿಕಾ ಬೆರಳು ತೋರಿಸಿದರು.

“ಅದಕ್ಕೇನಂತೀರವ್ವಾ?”

ಪುತಳಿ ತಲೆ ಎತ್ತಿ ನೋಡಿದಳು. ಅರೆಗಳಿಗೆ ತಡೆದು, “ಮಾವಜಿ,” ಎಂದಳು.

ನೆರೆಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನೀಲಾಂಬಿಕಾ ನಗುವನ್ನು ಬರೆದುಕೊಳ್ಳಲಿಲ್ಲ. ಮೊಹರಿನಲ್ಲಿ ಅದಕ್ಕೊಂದು ಸಾಲಿರಲಿಲ್ಲ. ‘ಪದ: ಮಾವಜಿ. ಅರ್ಥ: ಚಂದ್ರ. ಹೇಳಿದವರು: ೧೪’ ಎಂದು ನನ್ನ ಮೇಲೆ ಬರೆದರು. ‘ಮೂಲ’ದ ಸಾಲು ಖಾಲಿ ಬಿಟ್ಟರು. ಸಹಿಯನ್ನು ಇನ್ನೊಂದಿಬ್ಬರಲ್ಲಿ ಕೇಳಿದ ಮೇಲೆ ಹಾಕೋಣವೆಂದು ಅದನ್ನೂ ಬಿಟ್ಟರು. ವಾಡೆಯ ಉಳಿದವರೆಲ್ಲ ಚಂದ್ರನಿಗೆ ಚಂದ್ರನೆಂದೇ ಹೇಳಿದರು.

ನನ್ನ ನೆಮ್ಮದಿಯ ಬದುಕು ಅಲ್ಲಿಗೆ ಮುಗಿಯಿತು.

ಮರುದಿನ ಉಮರ್ಜಿಯವರು ನನ್ನನ್ನು ಓದಿದರು. ಕನ್ನಡಕ ಹಣೆಗೆ ಏರಿಸಿದರು, ಇಳಿಸಿದರು. ಸ್ವಾಹಿಲಿ ನಿಘಂಟು ತೆಗೆದರು. ಅದರಲ್ಲಿ ಚಂದ್ರನಿಗೆ ‘ಮ್ವೇಜಿ’ ಎಂದಿತ್ತು. ಪ್ರೊಫೆಸರು ಕುರ್ಚಿಯಿಂದ ಎದ್ದ ರೀತಿಗೆ ಅವರ ಧೋತರದ ಚುಂಗು ಮೇಜಿನ ಖಾನೆಗೆ ಸಿಕ್ಕಿ ಹರಿಯಿತು.

“ಮ್ವೇಜಿ! ಮಾವಜಿ! ನೀಲಾಂಬಿಕಾ, ಇಲ್ಲೆ ಬರ್ರಿ! ಅವರಲ್ಲಿ ಮ್ವೇಜಿ ಅಂದ್ರ ಚಂದ್ರನೂ ಹೌದು, ತಿಂಗಳೂ ಹೌದು. ನಮ್ಮಲ್ಲಿ ತಿಂಗಳು ಅಂದ್ರ ಮಾಸನೂ ಹೌದು, ಚಂದ್ರನೂ ಹೌದು. ಎರಡು ಖಂಡ ಒಂದ ಆಕಾಶದಾಗ ಕೂಡಿದ್ವು ನೋಡ್ರಿ!”

“ಉಳದವ್ರು ಯಾರೂ ಹಂಗನ್ನೂದಿಲ್ರಿ ಸರ್. ಆಕಿ ಒಬ್ಬಾಕೀನ.”

“ಅದಕ್ಕ ಅದು ಅವಶೇಷ! ಎಲ್ಲಾರೂ ಅಂತಿದ್ರ ಅದನ್ನ ಅವಶೇಷ ಅಂತ ಯಾರು ಕರೀತಿದ್ರು?”

ಈ ತರ್ಕಕ್ಕೆ ಉತ್ತರ ನನಗೆ ಇಷ್ಟು ವರ್ಷವಾದರೂ ಹೊಳೆದಿಲ್ಲ. ಒಬ್ಬಳೇ ಹೇಳಿದರೆ ಅದು ಪುರಾವೆ. ಎಲ್ಲರೂ ಹೇಳಿದ್ದರೆ ಅದು ಇನ್ನೂ ದೊಡ್ಡ ಪುರಾವೆಯಾಗುತ್ತಿತ್ತು. ವಿದ್ವತ್ತಿನ ಎತ್ತಿಗೆ ಹಗ್ಗ ಎರಡೂ ಕಡೆಗೆ.

ಆಮೇಲೆ ಅವರು ಪೆನ್ಸಿಲು ಹಿಡಿದರು. ನನ್ನ ‘ವ’ದ ಮೇಲೆ ಒಂದು ಏತ್ವ ಏರಿಸಿದರು, ಪಕ್ಕಕ್ಕೆ ದೀರ್ಘ ಎಳೆದರು. ‘ಮಾವಜಿ’ ಎಂಬುದು ‘ಮಾವೇಜಿ’ ಆಯಿತು. ಆಕೆ ಹಾಗೆ ಅಂದಿರಲಿಲ್ಲ. ಅಲ್ಲಿ ಇದ್ದವನು ನಾನು. ಆದರೆ ಕಾರ್ಡಿಗೆ ಬಾಯಿಲ್ಲ, ಪೆನ್ಸಿಲಿಗೆ ಕಿವಿಯಿಲ್ಲ. ‘ಮೂಲ’ದ ಸಾಲಿನಲ್ಲಿ ‘ಸ್ವಾಹಿಲಿ’ ಎಂದು ಬರೆದು ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಸಂಜೆಯ ಚಹಾದ ಹೊತ್ತಿಗೆ ರಬ್ಬರು ತೆಗೆದುಕೊಂಡು ಆ ಚಿಹ್ನೆಯನ್ನು ಅಳಿಸಿದರು.

ಪೂರ್ವ ಆಫ್ರಿಕಾದ ವಿದ್ವಾಂಸರೊಬ್ಬರಿಗೆ ಪತ್ರ ಹೋಯಿತು. ಎರಡು ತಿಂಗಳಿಗೆ ಉತ್ತರ ಬಂತು: ‘ಧ್ವನಿಸಾಮ್ಯ ಕುತೂಹಲಕರವಾಗಿದೆ. ಆದರೆ ಈ ಪದ ಹೇಗೆ ಬಂತೆಂದು ಆ ತಾಯಿಯನ್ನೇ ಕೇಳಿದ್ದೀರಾ?’ ಉಮರ್ಜಿಯವರು ‘ಕುತೂಹಲಕರವಾಗಿದೆ’ ಎನ್ನುವವರೆಗೆ ಓದಿ, ಅಡಿಗೆರೆ ಎಳೆದು, ಪತ್ರವನ್ನು ಫೈಲಿಗೆ ಹಾಕಿದರು. ಪುಸ್ತಕದ ಹೆಸರೂ ನಿಶ್ಚಯವಾಯಿತು: ‘ಕಡಲಾಚೆಯ ಚಂದ್ರ’. ಅವರ ನಲವತ್ತು ವರ್ಷದ ವಿದ್ವತ್ತಿನ ಕಳಶ ಈ ಪುಸ್ತಕ. ಕಳಶದ ತುದಿಗೆ ನಾನು. ನನ್ನ ಕೊನೆಯ ಸಾಲಿನಲ್ಲಿ ನೀಲಾಂಬಿಕಾರ ಸಹಿ ಬಿದ್ದರೆ ಸಾಕು.

ಅದೇ ವಾರ ನೀಲಾಂಬಿಕಾರ ಕೆಲಸ ಖಾಯಂ ಮಾಡುವ ಅರ್ಜಿಯೂ ಮೇಲೆ ಹೋಗುವುದಿತ್ತು. ಅದರ ಮೇಲೆ ಉಮರ್ಜಿಯವರ ಸಹಿ ಬೇಕು. ಅವರ ಸಹಿ ಇವರಿಗೆ, ಇವರ ಸಹಿ ಅವರಿಗೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅರ್ಜಿಯನ್ನು ಮತ್ತು ನನ್ನನ್ನು ಒಂದೇ ಫೈಲಿನಲ್ಲಿ ಹೆಡ್ ಕ್ಲಾರ್ಕ್ ಬಸಲಿಂಗಪ್ಪನವರ ಮೇಜಿಗೆ ಕಳಿಸಿದರು, ಅಷ್ಟೆ.

ಬಸಲಿಂಗಪ್ಪನವರು ನಿವೃತ್ತಿಗೆ ಬಂದ ಮನುಷ್ಯ. ಮಾತಿಗೆ ಮುಂದೆ, ಕಡತಕ್ಕೆ ಹಿಂದೆ. ಅರ್ಜಿ ತುಂಬುತ್ತ ಕೇಳಿದರು:

“ಯಜಮಾನ್ರ ಹೆಸರೇನ್ರಿ ಅಕ್ಕಾರ?”

“ಕೊಡ್ರಿಲ್ಲೆ, ಬರದ ಕೊಡ್ತೀನಿ.”

“ಆಫ್ರಿಕಾದ ಭಾಷಾ ಕಲ್ತೀರಿ, ಗಂಡನ ಹೆಸರ ಹೇಳಾಕ ಬರೂದಿಲ್ಲೇನ್ರಿ?”

“ಬರ್ತೈತ್ರಿ. ಹೇಳೂದಿಲ್ಲ. ನಮ್ಮವ್ವ ಹೇಳ್ತಿದ್ದಿಲ್ಲ, ಅತ್ತಿ ಹೇಳ್ತಿದ್ದಿಲ್ಲ. ರೂಢಿ ಬಿದ್ದೈತಿ.”

ಅವರು ಬರೆದು ಕೊಟ್ಟರು. ಬಸಲಿಂಗಪ್ಪನವರು ಓದಿಕೊಂಡು ಕಣ್ಣು ಕಿರಿದು ಮಾಡಿದರು. “ಈಶ್ವರಪ್ಪ! ಅಲ್ರೀ, ಸೋಮವಾರಕ್ಕೊಮ್ಮಿ ಇಲ್ಲೇ ಈಶ್ವರ ಗುಡಿಗೆ ಹೊಕ್ಕೀರಲ್ಲ, ಮನ್ಯಾಗ ಏನಂತ ಹೇಳಿ ಬರ್ತೀರಿ?”

“ಸ್ವಾಮಿ ಗುಡಿ ಅಂ—”

ನೀಲಾಂಬಿಕಾ ಅಲ್ಲಿಗೇ ನಿಂತರು. ಬಾಯಿ ತೆರೆದೇ ಇತ್ತು. ಫೈಲಿನಲ್ಲಿದ್ದ ನನ್ನನ್ನು ನೋಡಿದರು. ಎದ್ದು ಎರಡನೆಯ ಕಪಾಟಿಗೆ ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ಮಂದಿರದಲ್ಲಿ ಪದಗಳಿಗೆ ಒಂದು ಕಪಾಟು, ಪದ ಹೇಳಿದವರಿಗೆ ಇನ್ನೊಂದು. ಎರಡರ ನಡುವೆ ಹದಿನೈದು ಅಡಿ. ಆ ಹದಿನೈದು ಅಡಿ ನಡೆದವರು ಆರು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಹಳದಿ ಕಾರ್ಡು ಹದಿನಾಲ್ಕು ಹೊರಗೆ ಬಂತು. ದುಂಡಗಿನ ಕೈಬರಹ, ನೀಲಾಂಬಿಕಾರದ್ದೇ: ‘ಗಂಡನ ಹೆಸರು: ಚಂದ್ರು (ನೆರೆಯವರು ಹೇಳಿದ್ದು).’

“ಅಯ್ಯ ಶಿವನ,” ಎಂದು ಅವರು ತಲೆಗೆ ಕೈ ಹಚ್ಚಿ ಅಲ್ಲೇ ಸ್ಟೂಲಿನ ಮೇಲೆ ಕೂತರು.

ಮರುದಿನ ನಾವಿಬ್ಬರೂ ಕೆಸರವಾಡಾದಲ್ಲಿದ್ದೆವು. ಪುತಳಿ ಅಂಗಳ ಸಾರಿಸುತ್ತಿದ್ದಳು. ಗಂಡ ಚಂದ್ರು ಕಟ್ಟೆಯ ಮೇಲೆ ಕೂತು ಬುಟ್ಟಿಗೆ ಬಿದಿರು ಸೀಳುತ್ತಿದ್ದ. ನೀಲಾಂಬಿಕಾ ಸುತ್ತಿ ಬಳಸದೆ ಕೇಳಿಬಿಟ್ಟರು.

“ಯವ್ವಾ, ಚಂದ್ರಗ ಮಾವಜಿ ಅಂತ ಯಾಕಂದಿ?”

ಪುತಳಿ ಸಗಣಿಗೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು. “ಹುಡುಗ್ರು ಅದಕ್ಕ ಏನಂತಾವ್ರಿ? ನೀವ ಹೇಳ್ರಿ, ನಾ ಹೇಳಾಕಾಗೂದಿಲ್ಲ.”

“ಚಂದಾಮಾಮಾ.”

“ಹಾಂ. ಅದ್ರಾಗ ಮುಂದಿಂದು ಬಿಡ್ರಿ. ಏನುಳೀತು?”

“ಮಾಮಾ.”

“ಅಷ್ಟ ಮ್ಯಾಲ ಕುಂತಾಂವಗ ಬರೇ ಮಾಮಾ ಅಂದ್ರ ಚಲೋ ಕಾಣೂದಿಲ್ಲ. ಅದಕ್ಕ ಮಾವಜಿ ಅಂದೆ.”

ಕಟ್ಟೆಯ ಮೇಲಿಂದ ಚಂದ್ರು ಕಿಸಕ್ಕನೆ ನಕ್ಕ. “ಮೂವತ್ತ ವರ್ಷ ಆತ್ರಿ ಅಕ್ಕಾರ, ನನ್ನ ಹೆಸರ ಈಕಿ ಬಾಯಾಗ ಕೇಳಿಲ್ಲ. ಒಮ್ಮಿ ನಾ ಬಾವ್ಯಾಗ ಬಿದ್ದಿದ್ದೆ. ‘ಇವ್ರು ಬಿದ್ದಾರ, ಇವ್ರು ಬಿದ್ದಾರ’ ಅಂತ ವಾಡೆ ತುಂಬ ಒದರಿಕೋತ ಓಡಿದ್ಲು. ಹೆಂಗಸ್ರೆಲ್ಲಾ ತಮ್ಮ ತಮ್ಮ ‘ಇವ್ರ’ನ್ನ ಹುಡುಕ್ಕೋತ ಹೋದ್ರು. ನಾ ಒಳಗ ಈಸ್ಕೋತ ಇದ್ದೆ.”

“ಎತ್ತಿದ್ರೋ ಇಲ್ಲೋ ಕಡೀಕ?” ಎಂದಳು ಪುತಳಿ. “ಮತ್ತ್ಯಾಕ ಆ ಮಾತು?”

ನೀಲಾಂಬಿಕಾ ನಗಲಿಲ್ಲ. ಪ್ರೊಫೆಸರರ ಪುಸ್ತಕದ ಕಥೆಯನ್ನು ಬಿಡಿಸಿ ಹೇಳಿದರು. ಆಫ್ರಿಕಾ, ಹಡಗು, ಮ್ವೇಜಿ. ಕೊನೆಗೆ, “ಹಂಗಾದ್ರ ಇದನ್ನ ತಗದ ಹಾಕಬೇಕಾಗ್ತೈತವ್ವಾ. ಇದು ಖರೇ ಶಬ್ದ ಅಲ್ಲ,” ಎಂದರು.

ಪುತಳಿಯ ಮುಖ ಅಲ್ಲಿಯವರೆಗೆ ಹಗುರಾಗಿತ್ತು. ಆಗ ಅದು ಬಿಗಿಯಿತು.

“ಖರೇ ಅಲ್ಲಂದ್ರ? ಲಗ್ನ ಆಗಿ ಬಂದಾಗಿಂದ ಕರದೀನಿ. ಹುಣ್ಣಿವಿಗೊಮ್ಮಿ ಕೈ ಮುಗದೀನಿ. ಆಂವಾ ಓ ಅಂದಿಲ್ಲ, ಖರೆ. ನೀವು ಕರದ್ರ ಓ ಅಂತಾನೇನು? ನಿಮ್ಮ ಸಾಹೇಬ್ರು ಹಡಗದಾಗಿಂದ ಬಂತಂದ್ರ ಖರೇ, ನಾ ಮಾಡಿದ್ದಂದ್ರ ಸುಳ್ಳು. ಹಿಂಗೇನ್ರಿ?”

ನನಗೆ ಮೊದಲ ಬಾರಿಗೆ ನನ್ನ ಎದೆಯ ಮೇಲಿನ ಪದದ ಬಗ್ಗೆ ಒಂದು ಬಗೆಯ ಅಭಿಮಾನ ಹುಟ್ಟಿತು. ಅಲ್ಲಿಯವರೆಗೆ ನನಗೂ ಅದು ಬರೇ ಶಾಯಿಯಾಗಿತ್ತು.

ನೀಲಾಂಬಿಕಾ ಕಟ್ಟೆಯ ತುದಿಗೆ ಕೂತು ರಬ್ಬರು, ಪೆನ್ನು ತೆಗೆದರು. ಪ್ರೊಫೆಸರರ ಏತ್ವವನ್ನೂ ದೀರ್ಘವನ್ನೂ ಅಳಿಸಿದರು. ‘ಸ್ವಾಹಿಲಿ’ಯನ್ನು ಅಳಿಸಿದರು. ಆ ಜಾಗದಲ್ಲಿ ಶಾಯಿಯಲ್ಲಿ ಬರೆದರು: ‘ಮೂಲ: ಪುತಳಿ ಸಿದ್ದಿ, ಕೆಸರವಾಡಾ. ಗಂಡನ ಹೆಸರು ಹೇಳಬಾರದೆಂದು ಈಕೆ ತಾನೇ ಮಾಡಿಕೊಂಡ ಪದ.’ ಅದರ ಕೆಳಗೆ ಸಹಿ ಹಾಕಿದರು. ಖಾಯಂ ಆಗಬೇಕಾದ ಕೆಲಸ ಈ ಸಹಿಯಿಂದ ಹೋಗಬಹುದೆಂದು ಅವರಿಗೆ ಗೊತ್ತಿತ್ತು.

ಉಮರ್ಜಿಯವರು ನನ್ನನ್ನು ಓದಿದರು. ಆಮೇಲೆ ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

“ನೀಲಾಂಬಿಕಾ, ಹೇಳಿದವರು ತಾವ ಕೊಡೋ ವಿವರಣಾಕ್ಕ ಏನಂತಾರ ಶಾಸ್ತ್ರದಾಗ? ಜನಪದ ನಿರುಕ್ತಿ. ಅದಕ್ಕ ಬೆಲಿ ಇಲ್ಲ. ಆಕಿಗೇನು ಗೊತ್ತು ಆಕಿ ಬಾಯಾಗ ಎಲ್ಲಿಂದ ಬಂತು ಅಂತ? ರಕ್ತದಾಗಿನ ನೆನಪದು.”

“ಸರ್, ಆಕಿ ಮಾಡಿದ್ದು ಆಕಿಗೆ ಗೊತ್ತಿರೂದಿಲ್ಲೇನ್ರಿ?”

“ಒಬ್ಬ ಹೆಣ್ಣಮಗಳ ನಾಚಿಕಿ ಸಲುವಾಗಿ ಒಂದು ಇಡೀ ಖಂಡಾನ ಬಿಟ್ಟುಕೊಡ್ಲಿಕ್ಕಾಗ್ತದೇನು? ಬ್ಯಾರೆ ಕಾರ್ಡ ತಗೋರಿ. ಮೊದಲಿನಂಗ ಬರದು ಸಹಿ ಮಾಡ್ರಿ. ನಿಮ್ಮ ಅರ್ಜೀನೂ ಇಲ್ಲೇ ಅದ, ನಾನೂ ಮಾಡ್ತೀನಿ.”

ಮಾತು ಕೊನೆಗೂ ಬಾಯಿಗೆ ಬಂದಿತ್ತು. ನೀಲಾಂಬಿಕಾ ಅರ್ಜಿಯ ಕಡೆಗೆ ನೋಡಿದರು. ಆರು ವರ್ಷದ ಬಸ್ಸು, ಬುತ್ತಿ, ಬಿಸಿಲು ಆ ಹಾಳೆಯಲ್ಲಿತ್ತು. ಆಮೇಲೆ ಬೇರೇನನ್ನೋ ಕೇಳಿದರು.

“ಸರ್, ಮನ್ಯಾಗ ಬಾಯಿಯವ್ರು ನಿಮ್ಮನ್ನ ಏನಂತ ಕರೀತಾರ್ರಿ?”

“ಅದ್ಯಾಕ ಈಗ?”

“‘ಏನಂದ್ರಿ’ ಅಂತಾರಲ್ರಿ. ನಾ ಕೇಳೀನಿ. ಹಂಗಾದ್ರ ‘ಏನಂದ್ರಿ’ ಯಾವ ಖಂಡದ ಶಬ್ದರಿ?”

ಬಾಗಿಲಾಚೆ ಬಸಲಿಂಗಪ್ಪನವರಿಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು.

ಕೆಲಸ ಹೋಯಿತು. ಹೋಯಿತು ಎಂದು ಯಾರೂ ಹೇಳಲಿಲ್ಲ. ‘ಹುದ್ದೆಯ ಅವಧಿ ಮುಗಿದಿರುವುದರಿಂದ’ ಎಂದು ಒಂದು ಕಾಗದ ಬಂತು. ನನ್ನ ಬದಲಿಗೆ ಅದೇ ಹತ್ತಿಯ ಕಟ್ಟಿನಿಂದ ಹೊಸ ಕಾರ್ಡೊಂದನ್ನು ತೆಗೆದು, ಅದರ ಮೇಲೆ ‘ಮಾವೇಜಿ’ ಎಂದು ಬರೆದು, ಕ್ಷೇತ್ರಕ್ಕೆ ಹೋದವರ ಸಾಲಿನಲ್ಲಿ ಉಮರ್ಜಿಯವರು ತಾವೇ ಸಹಿ ಹಾಕಿದರು. ಬಸ್ಸಿಗೆ ಪಿತ್ತವೇಳುವ ಮನುಷ್ಯ ಒಂದೇ ಗೀಟಿನಲ್ಲಿ ಕೆಸರವಾಡಾ ತಲುಪಿಬಿಟ್ಟರು. ನನ್ನನ್ನು ರದ್ದಿಯ ಬುಟ್ಟಿಗೆ ಹಾಕಿದರು.

ನೀಲಾಂಬಿಕಾ ಮೇಜು ಖಾಲಿ ಮಾಡಿದ ದಿನ ಬಸಲಿಂಗಪ್ಪನವರು ಬುಟ್ಟಿ ಹಿಡಿದುಕೊಂಡು ಹಾದುಹೋದರು. ಹೋಗುವಾಗ ಕೈ ಜಾರಿತು. ನಾನು ನೀಲಾಂಬಿಕಾರ ಚೀಲದೊಳಗೆ ಬಿದ್ದೆ.

“ರದ್ದಿ ಬಿತ್ತೇನೋ ನೋಡ್ರಿ ಅಕ್ಕಾರ,” ಎಂದರು ಅವರು ತಿರುಗಿ ನೋಡದೆ. “ಬಿದ್ರ ಅಲ್ಲೇ ಇರ್ಲಿ. ನನಗ ಬಗ್ಗಾಕಾಗೂದಿಲ್ಲ.”

‘ಕಡಲಾಚೆಯ ಚಂದ್ರ’ ಅಚ್ಚಾಯಿತು. ಶಾಲು, ಹಾರ, ಫಲತಾಂಬೂಲ. ಆ ಪುಸ್ತಕದ ಮೇಲೆ ಇನ್ನೊಬ್ಬರು ಸಿದ್ದಿಗಳು ಚಂದ್ರಾರಾಧ್ಯ ಕುಲವೆಂದು ಬರೆದರು. ಅದರ ಮೇಲೆ ಮತ್ತೊಬ್ಬರು, ಚಂದ್ರನನ್ನು ನೋಡಿ ದಿಕ್ಕು ಹಿಡಿಯುತ್ತಿದ್ದ ನಾವಿಕರ ವಂಶವೆಂದರು. ಅಡಿಟಿಪ್ಪಣಿಗಳು ಮರಿ ಹಾಕಿದವು, ಮರಿಗಳು ಮರಿ ಹಾಕಿದವು. ಒಂದು ಏತ್ವ ಇಷ್ಟು ದೊಡ್ಡ ಸಂಸಾರ ಹೂಡೀತೆಂದು ಯಾರು ಎಣಿಸಿದ್ದರು! ಆ ವಿದ್ವಾಂಸರಲ್ಲಿ ಯಾರಿಗೂ ಬಸ್ಸು ಒಗ್ಗುತ್ತಿರಲಿಲ್ಲವೆಂದು ಕಾಣುತ್ತದೆ.

ನೀಲಾಂಬಿಕಾ ಹಳಿಯಾಳದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಲು ಸೇರಿದರು. ಒಂದು ರವಿವಾರ ನನ್ನನ್ನು ತೆಗೆದುಕೊಂಡು ಹೋಗಿ ಪುತಳಿಯ ಕೈಗಿತ್ತರು. “ನಿನ್ನ ಹೆಸರಿಲೆ ಬರದೈತವ್ವಾ. ನಿನ್ನ ಹಂತ್ಯಾಕ ಇರ್ಲಿ.” ಪುತಳಿಗೆ ಓದು ಬಾರದು. ಆದರೂ ನನ್ನನ್ನು ಎರಡೂ ಬದಿ ತಿರುಗಿಸಿ ನೋಡಿದಳು. ಕೆಂಪು ಅಕ್ಷರದ ಬದಿಯೇ ಅವಳಿಗೆ ಹೆಚ್ಚು ಇಷ್ಟವಾಯಿತು. ಆಮೇಲೆ ದೇವರ ಪಟದ ಚೌಕಟ್ಟಿಗೆ ಸಿಕ್ಕಿಸಿದಳು. ನೀಲಾಂಬಿಕಾ ವರ್ಷಕ್ಕೆ ಒಂದೆರಡು ಸಲ ಬರುತ್ತಿದ್ದರು. ಚಹಾ ಕುಡಿಯುತ್ತ ನನ್ನ ಕಡೆ ಕಣ್ಣು ಹಾಯಿಸುತ್ತಿದ್ದರೇ ಹೊರತು ಆ ಮಾತು ತೆಗೆಯುತ್ತಿರಲಿಲ್ಲ. ನಿವೃತ್ತಿಯಾಗಿ ಮಗನ ಊರಿಗೆ ಹೋದ ಮೇಲೆ ಅವರು ಬರುವುದು ನಿಂತಿತು.

ಮೂವತ್ತು ಚಿಲ್ಲರೆ ವರ್ಷ ಕಳೆದವು. ನಾನು ಈಗ ಇರುವುದು ಚಂದ್ರುವಿನ ಫೋಟೋದ ಮೂಲೆಯಲ್ಲಿ. ಆತ ಗಾಜಿನೊಳಗೆ ಹೋಗಿ ಹತ್ತು ವರ್ಷವಾಯಿತು. ಪುತಳಿ ಈಗಲೂ ಆತನ ಹೆಸರು ಹೇಳುವುದಿಲ್ಲ. ಪಿಂಚಣಿಯವರು ಕೇಳಿದರೆ ಫೋಟೋದ ಕಡೆ ಗದ್ದ ತಿರುಗಿಸುತ್ತಾಳೆ. ಮನೆಯಲ್ಲಿ ಅವಳನ್ನು ಬಿಟ್ಟು ಮೊಮ್ಮಕ್ಕಳು, ಮರಿಮಕ್ಕಳು ಸೇರಿ ಹತ್ತು ಮಂದಿ. ಅವರ್ಯಾರಿಗೂ ಈ ಕಟ್ಟಳೆಯಿಲ್ಲ. ಆದರೆ ಎಲ್ಲರೂ ಅಜ್ಜಿಯ ಮಡಿಲಲ್ಲಿ ಉಂಡವರು. ಅಂಗಳದಲ್ಲಿ ತುತ್ತು ಬೇಡವೆಂದು ಹಟ ಹಿಡಿದ ಕೂಸಿಗೆ ಅವಳ ಮೊಮ್ಮಗಳು ಮೇಲೆ ತೋರಿಸಿ, “ಮಾವಜಿ ನೋಡ್ಯಾಡಾಕತ್ತಾನ, ಉಣ್ಣು,” ಎನ್ನುತ್ತಾಳೆ.

ನಾನೂ ಮುದಿಯಾದೆ. ಬೆನ್ನಿನ ‘ಸಪರಿವಾ’ ಮಾಸಿದೆ. ಎದೆಯ ಮೇಲಿನದನ್ನು ಬೆಳ್ಳಿಹುಳು ಹಚ್ಚಿ ತಿಂದಿದೆ. ಹುಳಕ್ಕೂ ಒಂದು ರುಚಿ ಇರುತ್ತದೆ. ಅದು ಸರಿಯಾಗಿ ನೋಡಿ ವಿವರಣೆಯನ್ನೇ ತಿಂದಿತು. ಊರು ಹೋಯಿತು, ‘ಸಿದ್ದಿ’ ಹೋಯಿತು, ಗಂಡನ ಹೆಸರಿನ ಸಾಲು ಹೋಯಿತು, ಹೇಳಿದವರ ಸಂಖ್ಯೆ ಹೋಯಿತು, ಸಹಿ ಹೋಯಿತು. ಉಳಿದದ್ದು ಇಷ್ಟು: ‘ಪದ: ಮಾವಜಿ. ಅರ್ಥ: ಚಂದ್ರ. ಮೂಲ: ಪುತಳಿ.’

ಹೋದ ತಿಂಗಳು ಮೈಸೂರು ಕಡೆಯ ಸಂಶೋಧಕನೊಬ್ಬ ಬಂದ. ಹೆಸರು ಪ್ರಮಥ. ಒಳ್ಳೆಯವನು, ಬಸ್ಸಿನಲ್ಲೇ ಬಂದಿದ್ದ. ‘ಕಡಲಾಚೆಯ ಚಂದ್ರ’ವನ್ನು ಓದಿಕೊಂಡಿದ್ದ. ಹೆಸರು ಕೇಳಲಿಲ್ಲ, ಅಜ್ಜಿ ಎಂದಷ್ಟೇ ಕರೆದ. ಮೊಬೈಲನ್ನು ಪುತಳಿಯ ಬಾಯಿಗೆ ಹಿಡಿದು ಚಂದ್ರನ ಪದ ಕೇಳಿದ. ಅವಳು ಹೇಳಿದಳು. ಮನೆಯ ಉಳಿದವರನ್ನು ಕೇಳಿದ. ಮಾತು ಬಂದ ಎಲ್ಲರ ಬಾಯಿಂದಲೂ ಅದೇ ಬಂತು. ಹುಡುಗನ ಕಣ್ಣಲ್ಲಿ ಉಮರ್ಜಿಯವರ ಆ ಹಳೆಯ ಬೆಳಕು ಹೊತ್ತಿತು. ಮತ್ತೆ ಹಡಗು ಬಂತಲ್ಲಪ್ಪಾ ಎಂದುಕೊಂಡೆ.

“ಅದು ಎಲ್ಲಿಂದ ಬಂತಂತ ಅಕ್ಕಾರು ಬರದ ಕೊಟ್ಟಾರ ನೋಡ್ರಿ,” ಎಂದು ಪುತಳಿ ಫೋಟೋದಿಂದ ನನ್ನನ್ನು ತೆಗೆದು ಅವನ ಕೈಗೆ ಕೊಟ್ಟಳು.

ಪ್ರಮಥ ಓದಿದ. ಮತ್ತೊಮ್ಮೆ ಓದಿದ. ಹುಬ್ಬು ಗಂಟಿಕ್ಕಿದ.

“ಅಜ್ಜಿ, ‘ಮೂಲ: ಪುತಳಿ’ ಅಂತಿದೆ. ಪುತಳಿ ಅನ್ನೋ ಭಾಷೆ ನಾನು ಕೇಳೇ ಇಲ್ವಲ್ಲ! ಉಮರ್ಜಿಯವ್ರು ಇದನ್ನ ಎಲ್ಲೂ ಹೇಳಿಲ್ಲ. ಆಫ್ರಿಕಾದ್ದಾ? ಇಲ್ಲೀದೇನಾ?”

ಒಳಗಿನಿಂದ ಮೊಮ್ಮಗಳು ನಗು ತಡೆಯಲಾರದೆ ಬಾಗಿಲಿಗೆ ಬಂದಳು. ಪುತಳಿ ಅವಳ ಕಡೆ ಕೈ ಮಾಡಿ ಸುಮ್ಮನಿರಿಸಿದಳು. ಅವನ ಮುಖವನ್ನೇ ನೋಡಿದಳು. ಎಪ್ಪತ್ತೊಂಬತ್ತರ ಕಣ್ಣು, ಆದರೂ ಅದರಲ್ಲಿ ಏನೋ ಕುಣಿಯಿತು.

“ಇಲ್ಲೀದ ರೀ. ಈ ಅಂಗಳದ್ದ.”

“ಈಗ ಎಷ್ಟು ಜನ ಮಾತಾಡ್ತಾರೆ ಅಜ್ಜಿ, ಪುತಳಿ?”

ಅವಳು ಅಂಗಳದತ್ತ ತಿರುಗಿ ಬೆರಳು ಮಡಿಸುತ್ತ ಬಂದಳು. ತೊಟ್ಟಿಲ ಕೂಸಿನ ಹತ್ತಿರ ಒಂದು ಗಳಿಗೆ ತಡೆದು, ಅದನ್ನೂ ಸೇರಿಸಿದಳು.

“ಮೊದ್ಲ ನಾ ಒಬ್ಬಾಕೀನ ಇದ್ದೆ. ಈಗ ಹನ್ನೊಂದ ಮಂದಿ ಆಗೇವಿ.”

ಪ್ರಮಥ ನನ್ನನ್ನು ಮೊಣಕಾಲ ಮೇಲಿಟ್ಟುಕೊಂಡು ತನ್ನ ಪುಸ್ತಕದಲ್ಲಿ ಬರೆದುಕೊಂಡ: ‘ಪುತಳಿ — ಈವರೆಗೆ ದಾಖಲಾಗದ ಭಾಷೆ. ಮಾತನಾಡುವವರು: ೧೧.’ ನಾನು ಇಣುಕಿ ನೋಡಿದೆ. ಮೂವತ್ತು ಚಿಲ್ಲರೆ ವರ್ಷದ ಅಭ್ಯಾಸ, ತಪ್ಪು ಹುಡುಕುವುದೇ ನನ್ನ ಕರ್ಮವಾಗಿದೆ.

ಸಂಖ್ಯೆಯೇನೋ ಸರಿಯಾಗಿತ್ತು.